ಕ್ಯಾಪ್ಟನ್ ಮತ್ತು ಲೆಕ್ಕದ ಮೇಡಂ

“ನಿಲ್ಸಿ, ನಿಲ್ಸಿ! ನೀವು ಯಾರ ಜೊತೆ ಮಾತಾಡ್ತಾ ಇದ್ದೀರಾ ಮೇಡಂ?”

ತಲೆಯ ಮೇಲಿದ್ದ ಸ್ಪೀಕರಿನಿಂದ ಸಿಡಿದ ಗಂಡುದನಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಪೆನ್ನು ಬಿಳಿ ಬೋರ್ಡಿನ ಮೇಲೆ ಉದ್ದಕ್ಕೂ ಗೀರಿಬಿಟ್ಟಿತು.

ಸ್ಟುಡಿಯೋದ ದೀಪಗಳ ಕಾವಿಗೆ ಮೊದಲೇ ಹಣೆ ಬೆವೆತಿತ್ತು. ಈಗ ಕಿವಿಯೂ ಬಿಸಿಯಾಯಿತು. ಹತ್ತು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವಳು ಅವಳು. ಹುಡುಗರಿರಲಿ, ಪ್ರಿನ್ಸಿಪಾಲರೂ ಅವಳ ಪಾಠದ ನಡುವೆ ಬಾಯಿ ಹಾಕಿದವರಲ್ಲ!

“ಕ್ಯಾಮೆರಾ ಜೊತೆ! ಇನ್ಯಾರಿದ್ದಾರೆ ಇಲ್ಲಿ?” ಎಂದಳು ಸ್ಪೀಕರಿನ ಕಡೆ ಕತ್ತೆತ್ತಿ.

ಗಾಜಿನ ಕೋಣೆಯ ಬಾಗಿಲು ತಳ್ಳಿಕೊಂಡು ಅವನು ಹೊರಬಂದ. ಅಂಗಿಯ ತೋಳು ಮಡಚಿದ್ದ, ಎತ್ತರದ ಆಳು. ಕೆದರಿದ ಕೂದಲಿಗೆ ಬಾಚಣಿಗೆಯ ಪರಿಚಯವೇ ಇದ್ದಂತಿರಲಿಲ್ಲ. ಆನ್‌ಲೈನ್ ವಿಶ್ವವಿದ್ಯಾಲಯವನ್ನು ಒಂದು ಟ್ರಸ್ಟು ಇನ್ನೇನು ಶುರುಮಾಡಲಿತ್ತು, ಅದರ ಮುಖ್ಯಸ್ಥ ಅವನೇ. ಸಿಬ್ಬಂದಿಯೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಕ್ಯಾಪ್ಟನ್’ ಎಂದು.

“ಕ್ಯಾಮೆರಾಗೆ ಲೆಕ್ಕ ಕಲಿಯೋ ಆಸೆ ಇಲ್ಲ ಮೇಡಂ. ಆಚೆ ಕಡೆ ಒಬ್ಬ ಮನುಷ್ಯ ಕೂತಿದ್ದಾನೆ ಅಂದ್ಕೊಳ್ಳಿ.”

“ಅಂದ್ಕೊಳ್ಳೋಕೆ ನಾನೇನು ನಾಟಕದವಳಾ? ಅರ್ಥ ಆಗದಿದ್ರೆ ಮುಖ ಗಂಟು ಹಾಕ್ಕೊಳ್ಳೋ ಮನುಷ್ಯನ್ನ ತಂದು ಕೂರಿಸಿ. ಆಗ ನೋಡಿ ಪಾಠ ಅಂದ್ರೆ ಏನು ಅಂತ!”

ಕ್ಯಾಮೆರಾ ಹಿಡಿದವನು ನಗು ತಡೆಯಲು ಕೆಮ್ಮಿದ. ಕ್ಯಾಪ್ಟನ್ ಮಾತ್ರ ನಗಲಿಲ್ಲ. ಮೂಲೆಯ ಸ್ಟೂಲನ್ನು ಎಳೆದು ತಂದು ಕ್ಯಾಮೆರಾದ ಪಕ್ಕದಲ್ಲೇ ಕುಳಿತ.

“ನಾನಿದ್ದೀನಿ. ಲೆಕ್ಕ ಅಂದ್ರೆ ನನಗೆ ಈಗ್ಲೂ ಜ್ವರ ಬರುತ್ತೆ. ಹೇಳಿ.”

ಅವಳು ಹೇಳಿದಳು. ಮೂರನೇ ಸಾಲಿಗೇ ಅವನ ಹುಬ್ಬು ಗಂಟಾಯಿತು. ಅವಳು ಅಲ್ಲಿಂದಲೇ ಹಿಂದೆ ಬಂದು ಬೇರೆ ದಾರಿಯಲ್ಲಿ ವಿವರಿಸಿದಳು. ಕೊನೆಗೆ, “ಓಹೋ... ಇಷ್ಟೇನಾ!” ಎಂದು ಅವನ ಮುಖ ಅರಳಿದಾಗ ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

‘ಅಹಂಕಾರಿ... ಆದರೆ ಕಣ್ಣಲ್ಲಿ ಕಪಟ ಇಲ್ಲ,’ ಎಂದುಕೊಂಡಳು ಮನೆಗೆ ಹೋಗುವ ಬಸ್ಸಿನಲ್ಲಿ.

ಅಂದಿನಿಂದ ಅವಳ ಪ್ರತಿ ಪಾಠಕ್ಕೂ ಆ ಸ್ಟೂಲಿನ ಮೇಲೆ ಅವನೇ ವಿದ್ಯಾರ್ಥಿ. ಎಂಥ ಸಭೆಯಿದ್ದರೂ ಎದ್ದು ಬರುತ್ತಿದ್ದ. ಪಾಠ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು. ಅಪ್ಪ ಹಾಸಿಗೆ ಹಿಡಿದಾಗ ಕಾಲೇಜು ಬಿಟ್ಟು ವರ್ಕ್‌ಶಾಪಿನಲ್ಲಿ ದುಡಿದದ್ದು, ಕೆಲಸ ಮಾಡುತ್ತಲೇ ಹೇಗೋ ಪದವಿ ಮುಗಿಸಲು ಎಷ್ಟೋ ವರ್ಷ ಹಿಡಿದದ್ದು, ಎಲ್ಲವನ್ನೂ ಅವನು ಅಲ್ಲೇ ಹೇಳಿದ್ದ.

“ಕೆಲಸಕ್ಕೆ ಹೋಗೋರು, ಮನೆ ನೋಡ್ಕೊಳ್ಳೋರು... ಓದು ಅರ್ಧಕ್ಕೆ ಬಿಟ್ಟವರು ಎಷ್ಟು ಜನ ಇದ್ದಾರೆ ಗೊತ್ತಾ ಮೇಡಂ? ಅವರ ಮನೆ ಬಾಗಿಲಿಗೇ ಯೂನಿವರ್ಸಿಟಿ ಹೋಗ್ಬೇಕು. ಅದೊಂದೇ ಆಸೆ ನಂದು.”

ಆ ಮಾತನ್ನು ಹೇಳುವಾಗ ಅವನ ದನಿ ಮೆತ್ತಗಾಗುತ್ತಿತ್ತು. ಅವಳ ಎದೆಯಲ್ಲೂ ಏನೋ ಮೆತ್ತಗಾಗುತ್ತಿತ್ತು...

“ಏನೇ, ಇತ್ತೀಚೆಗೆ ಒಬ್ಬೊಬ್ಳೇ ನಗ್ತೀಯಾ?” ಎಂದಳು ಮನೆಯಲ್ಲಿ ಅಕ್ಕ.

“ಹಲ್ಲು ಚೆನ್ನಾಗಿದ್ರೆ ಜನ ನಗ್ತಾರೆ ಬಿಡೇ. ನಾನು ಕ್ಲೀನ್ ಮಾಡಿದ ಹಲ್ಲು ಅದು!” ಎಂದರು ಭಾವ. ಮನೆಯ ಕೆಳಗಿನ ಅಂತಸ್ತಿನಲ್ಲೇ ಅವರ ಹಲ್ಲಿನ ಕ್ಲಿನಿಕ್ಕು. ಲೋಕದ ಯಾವ ವಿಷಯವನ್ನಾದರೂ ಹಲ್ಲಿಗೆ ತಂದು ನಿಲ್ಲಿಸುವುದು ಅವರ ಅಭ್ಯಾಸ.

ವಿಶ್ವವಿದ್ಯಾಲಯ ಭರ್ಜರಿಯಾಗಿ ಶುರುವಾಯಿತು. ಗಾಜಿನ ಕಟ್ಟಡ, ಊರೆಲ್ಲ ಜಾಹೀರಾತು, ಪತ್ರಿಕೆಗಳಲ್ಲಿ ಫೋಟೋ. ನೋಡನೋಡುತ್ತಲೇ ಸಾವಿರಾರು ಜನ ಹೆಸರು ನೋಂದಾಯಿಸಿದರು.

ಆಮೇಲೆ ಒಬ್ಬೊಬ್ಬರೇ ಮಾಯವಾಗತೊಡಗಿದರು.

ಅವಳಿಗೆ ಅದು ಗೊತ್ತಾದದ್ದು ಒಂದು ಫೋನಿನಿಂದ. ಆಸ್ಪತ್ರೆಯೊಂದರ ನರ್ಸು, ಅವಳ ಗಣಿತದ ವಿದ್ಯಾರ್ಥಿನಿ, ಎಲ್ಲಿಂದಲೋ ನಂಬರು ಹುಡುಕಿ ಕರೆ ಮಾಡಿದ್ದಳು.

“ಮೇಡಂ, ನಿಮ್ಮ ವಿಡಿಯೋ ತುಂಬಾ ಚೆನ್ನಾಗಿದೆ. ಆದ್ರೆ ನಡುವೆ ಒಂದು ಕಡೆ ಸಿಕ್ಕಿಹಾಕ್ಕೊಂಡೆ. ಪ್ರಶ್ನೆ ಕಳಿಸಿದ್ರೆ ‘ನಿಮ್ಮ ಪ್ರಶ್ನೆ ತಲುಪಿದೆ, ಧನ್ಯವಾದ’ ಅಂತ ಬರುತ್ತೆ, ಅಷ್ಟೇ. ಮೂರು ಸಲ ಧನ್ಯವಾದ ಬಂತು ಮೇಡಂ, ಉತ್ತರ ಮಾತ್ರ ಬರಲಿಲ್ಲ. ನಾನು ಬಿಟ್ಬಿಡ್ತೀನಿ...”

ಅವಳು ಫೋನಿನಲ್ಲೇ ಲೆಕ್ಕ ಬಿಡಿಸಿಕೊಟ್ಟಳು. ಆಚೆ ಕಡೆಯಿಂದ ನರ್ಸು ಬಿಕ್ಕಿದ್ದು ಕೇಳಿಸಿತು. ಸಂತೋಷಕ್ಕೆ!

ಮರುದಿನವೇ ಅವಳು ಕ್ಯಾಪ್ಟನ್ ಮುಂದೆ ನಿಂತಳು.

“ಇವರಿಗೆ ಬೇಕಾಗಿರೋದು ಇನ್ನಷ್ಟು ವಿಡಿಯೋ ಅಲ್ಲ. ಕೇಳಿದ್ರೆ ಉತ್ತರ ಹೇಳೋ ಒಂದು ಜೀವ! ಹೊಸ ಕೋರ್ಸ್ ನಿಲ್ಸಿ, ಇರೋರನ್ನ ಹಿಡ್ಕೊಳ್ಳಿ.”

“ಈಗ ನಿಲ್ಸಿದ್ರೆ ಟ್ರಸ್ಟಿನವರು ಸೋತೆವು ಅಂದ್ಕೋತಾರೆ. ಇನ್ನಷ್ಟು ಜನ ಸೇರಲಿ, ಆಮೇಲೆ ಸರಿ ಮಾಡೋಣ.”

“ತಳ ತೂತಾದ ಬಕೆಟ್ಟಿಗೆ ನೀರು ಸುರಿದ ಹಾಗೆ ಆಗುತ್ತೆ!”

“ಸ್ವಲ್ಪ ನಂಬಿಕೆ ಇಡಿ ಮೇಡಂ... ನನ್ನ ಮೇಲೆ.”

ಆ ಕೊನೆಯ ಮಾತಿಗೆ ಅವಳು ಸುಮ್ಮನಾದಳು. ಪ್ರೀತಿ ಒಳ್ಳೊಳ್ಳೆಯವರ ಬಾಯಿಯನ್ನೂ ಕಟ್ಟಿಹಾಕುತ್ತದೆ ನೋಡಿ.

ಆದರೆ ಟ್ರಸ್ಟಿನ ಅಧ್ಯಕ್ಷೆ ಸುಮ್ಮನಾಗುವವರಲ್ಲ. ಬೆಳ್ಳಿಗೂದಲಿನ, ಕಡಿಮೆ ಮಾತಿನ ಹೆಂಗಸು. ವರ್ಷದ ಕೊನೆಗೆ ಎಲ್ಲರನ್ನೂ ಉದ್ದನೆಯ ಮೇಜಿನ ಸುತ್ತ ಕೂರಿಸಿ, ನೇರವಾಗಿ ಅವಳನ್ನೇ ಕೇಳಿದರು.

“ನೀವು ಪಾಠ ಮಾಡೋರು. ನಿಜ ಹೇಳಿ. ಇವರಲ್ಲಿ ಎಷ್ಟು ಜನ ಪದವಿ ಮುಗಿಸ್ತಾರೆ?”

ಅವಳು ಕ್ಯಾಪ್ಟನ್ ಕಡೆ ನೋಡಿದಳು. ಅವನ ಕಣ್ಣು ಮೇಜಿನ ಮೇಲಿತ್ತು. ನರ್ಸಿನ ಬಿಕ್ಕು ಅವಳ ಕಿವಿಯಲ್ಲಿ ಇನ್ನೂ ಇತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಈಗಿರೋ ಹಾಗೇ ನಡೆಸೋದಾದ್ರೆ... ಮುಚ್ಚೋದೇ ವಾಸಿ. ಆದರೆ...”

ಆ ‘ಆದರೆ’ ಯಾರ ಕಿವಿಗೂ ಬೀಳಲಿಲ್ಲ. ಕೋಣೆಯಲ್ಲಿ ಗದ್ದಲವೆದ್ದಿತು. ಅಧ್ಯಕ್ಷೆ ಕೈಯೆತ್ತಿ, “ಸಾಕು. ಟ್ರಸ್ಟಿನವರು ಮತ್ತು ಕ್ಯಾಪ್ಟನ್ ಮಾತ್ರ ಇರಲಿ,” ಎಂದರು. ಹೊರಗೆ ಹೋಗುವಾಗ ಅವಳು ತಿರುಗಿ ನೋಡಿದಳು. ಕೆನ್ನೆಗೆ ಹೊಡೆಸಿಕೊಂಡವನಂತೆ ಅವನು ಅವಳನ್ನೇ ನೋಡುತ್ತಿದ್ದ.

ಕಾರಿಡಾರಿನಲ್ಲಿ ಕಾದಳು. ಬಾಗಿಲು ತೆರೆಯಿತು. ಅವನು ಬಂದ... ಅವಳ ಪಕ್ಕದಲ್ಲೇ ಹಾದುಹೋದ. ಒಂದು ಮಾತಿಲ್ಲ!

ವಾರದೊಳಗೆ ವಿಶ್ವವಿದ್ಯಾಲಯ ಮುಚ್ಚಿತು. “ಮುಚ್ಚಿ ಅಂತ ಕ್ಯಾಪ್ಟನ್ನೇ ಬರೆದುಕೊಟ್ಟರಂತೆ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ,” ಎಂದರು ಆಫೀಸಿನವರು.

ಅವಳಿಗೆ ನೆಲ ಕುಸಿದಂತಾಯಿತು. ಮನೆ ಬಾಗಿಲಿಗೆ ವಿಶ್ವವಿದ್ಯಾಲಯ ಎಂದವನು, ಅಷ್ಟೂ ಜನರನ್ನು ನಡುನೀರಿನಲ್ಲಿ ಬಿಟ್ಟು ಹೊರಟುಹೋದನೇ? ಅವಳಿಗಾದರೂ ಒಂದು ಮಾತು ಹೇಳಬಾರದಿತ್ತೇ? ‘ಹೇಡಿ... ನಿನ್ನನ್ನ ನಂಬಿ ನಾನು ಬಾಯಿ ಮುಚ್ಚಿಕೊಂಡಿದ್ದೆನಲ್ಲ!’

ಎರಡು ದಿನ ಅತ್ತಳು. ಮೂರನೆಯ ದಿನ ಮುಖ ತೊಳೆದುಕೊಂಡು ಕೆಳಗಿಳಿದು ಬಂದು ಕೇಳಿದಳು, “ಭಾವ, ಭಾನುವಾರ ಕ್ಲಿನಿಕ್ ರಜಾ ಅಲ್ವಾ? ವೇಟಿಂಗ್ ರೂಮ್ ನನಗೆ ಕೊಡ್ತೀರಾ?”

“ಹಲ್ಲು ಕೀಳ್ತೀಯಾ?”

“ಲೆಕ್ಕ ಹೇಳ್ತೀನಿ.”

“ಎರಡೂ ಒಂದೇ. ಜನ ಕಿರುಚ್ತಾರೆ. ತಗೋ ಬೀಗದ ಕೈ.”

ವಿಚಾರಿಸಿದಾಗ, ಸೇರಿದ್ದವರ ನೋಂದಣಿ ರದ್ದಾಗಿಲ್ಲ, ಟ್ರಸ್ಟಿನದೇ ಇನ್ನೊಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಬರೆಯಬಹುದು ಎಂದು ತಿಳಿದಿತ್ತು. ಅದು ನಿಯಮವೇ ಇರಬೇಕು ಎಂದುಕೊಂಡು ಅವಳು ಆಚೆಗೆ ಯೋಚಿಸಲಿಲ್ಲ.

ಮೊದಲ ಭಾನುವಾರ ನರ್ಸು ಬಂದಳು. ಜೊತೆಗೆ ಲಾರಿ ಓಡಿಸುವ ಒಬ್ಬ, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬ ಅಜ್ಜಿ. ಬರಲಾಗದವರು ಫೋನಿನಲ್ಲಿ ಕೂಡಿಕೊಂಡರು. ಮೇಜಿನ ಮೇಲೆ ನಿಲ್ಲಿಸಿದ ಫೋನಿನಿಂದ, “ಮೇಡಂ, ಆ ಸಾಲು ಇನ್ನೊಂದ್ಸಲ!” ಎಂದು ಯಾರೋ ಕೂಗಿದರೆ ಅವಳಿಗೆ ಜೀವ ಬಂದಂತಾಗುತ್ತಿತ್ತು. ಪಾಠ ಕಲಿತವರು ಹೊಸಬರಿಗೆ ಹೇಳಿಕೊಟ್ಟರು. ಅವಳ ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರೇ ಬಂದು ಸೇರಿಕೊಂಡರು. ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ವಿದ್ಯಾರ್ಥಿಗಳು. ವಾರಕ್ಕೊಮ್ಮೆ ಅವರಿಗೆ ಫೋನು ಮಾಡಲೇಬೇಕು. ಅದೊಂದೇ ಕಟ್ಟುನಿಟ್ಟು.

ನರ್ಸು ಪಾಸಾದ ದಿನ ಕ್ಲಿನಿಕ್ಕಿನ ತುಂಬ ಸಿಹಿ ಹಂಚಿದರು. “ಹಂಚಿ, ಹಂಚಿ, ನನ್ನ ವ್ಯಾಪಾರಕ್ಕೆ ಒಳ್ಳೇದು,” ಎಂದರು ಭಾವ.

ಹೀಗೆ ಎರಡು ವರ್ಷ ಕಳೆಯಿತು. ಕೆಲಸದ ನಡುವೆ ಅವಳು ಅವನನ್ನು ಮರೆತಿದ್ದಳು. ಅಂದರೆ... ಮರೆತಿದ್ದೇನೆ ಎಂದು ದಿನಾ ನೆನಪಿಸಿಕೊಳ್ಳುತ್ತಿದ್ದಳು!

ಒಂದು ಭಾನುವಾರ ಬೆಳಗ್ಗೆ ಕ್ಲಿನಿಕ್ಕಿನ ಮುಂದೆ ಕಾರು ನಿಂತಿತು. ಕೆನ್ನೆ ಹಿಡಿದುಕೊಂಡು ಇಳಿದವರು ಅಧ್ಯಕ್ಷೆ! ರಜೆಯ ದಿನ ತೆರೆದಿದ್ದ ದಂತವೈದ್ಯರ ಬಾಗಿಲು ಅದೊಂದೇ. ಅದೂ ಪಾಠಕ್ಕಾಗಿ ತೆರೆದಿದ್ದದ್ದು.

ಭಾವ ಅವರನ್ನು ಕುರ್ಚಿಗೆ ಒರಗಿಸಿ, “ಬಾಯಿ ತೆರೀರಿ... ಹಾಗೇ ಇರಿ... ಮಾತಾಡ್ಬೇಡಿ,” ಎಂದರು. ಅಧ್ಯಕ್ಷೆಯ ಬದುಕಿನಲ್ಲಿ ಅವರಿಗೆ ಹಾಗೆ ಹೇಳಿದವರು ಅವರೊಬ್ಬರೇ ಇರಬೇಕು. ಬಾಯಿ ತೆರೆದುಕೊಂಡೇ, ಅರೆತೆರೆದ ಬಾಗಿಲಿನಿಂದ ಅವರು ಎಲ್ಲವನ್ನೂ ನೋಡಿದರು. ತುಂಬಿದ ಕೋಣೆ, ಸಾಲಾಗಿ ನಿಲ್ಲಿಸಿದ ಫೋನುಗಳು, ಲೆಕ್ಕ ತಪ್ಪಿದ ಲಾರಿಯವನನ್ನು ಗದರಿಸುತ್ತಿದ್ದ ಅಜ್ಜಿ, ಎಲ್ಲರ ನಡುವೆ ಲೆಕ್ಕದ ಮೇಡಂ.

ಚಿಕಿತ್ಸೆ ಮುಗಿದರೂ ಅವರು ಎದ್ದು ಹೋಗಲಿಲ್ಲ. ಪಾಠ ಮುಗಿಯುವವರೆಗೂ ಕಾದು, ಮರಗಟ್ಟಿದ ತುಟಿಯಲ್ಲೇ ತೊದಲಿದರು.

“ಇಡು... ಇದು ನಾವು ಮುಚ್ಚಿದ್ದ ಯೂನಿವರ್ಸಿಟಿ ಅಲ್ವಾ?”

“ಹೌದು. ನೀವು ಮುಚ್ಚಿದ್ರಿ, ಇವರು ಮುಚ್ಚಲಿಲ್ಲ,” ಎಂದಳು ಅವಳು.

“ಮತ್ತೆ ತೆರೆಯೋಣ. ನೀವೇ ಮುಖ್ಯಸ್ಥರು.”

ಅವಳು ಹಿಂಜರಿಯಲಿಲ್ಲ. “ಆಗಲಿ. ಆದರೆ ಗಾಜಿನ ಕಟ್ಟಡ ಬೇಡ. ಮೇಷ್ಟ್ರು ಎಷ್ಟು ಜನಕ್ಕೆ ಉತ್ತರ ಹೇಳಬಲ್ಲರೋ ಅಷ್ಟೇ ಜನಕ್ಕೆ ಪ್ರವೇಶ. ತಾಂತ್ರಿಕ ಕೆಲಸ ಬಲ್ಲವರು ಒಬ್ಬರು ಬೇಕು.”

“ನಿಮ್ಮ ಕ್ಯಾಪ್ಟನ್ನನ್ನೇ ಕರೀರಿ.”

ಅವಳ ಮುಖ ಬಿಗಿಯಿತು. “ನಡುನೀರಲ್ಲಿ ಬಿಟ್ಟು ಹೋದವರು ಬೇಡ.”

ಅಧ್ಯಕ್ಷೆ ಅವಳನ್ನೇ ದಿಟ್ಟಿಸಿದರು. “ನಿಮಗೆ ಯಾರೂ ಹೇಳಲಿಲ್ವಾ? ಅವತ್ತು ನೀವು ಹೊರಗೆ ಹೋದ ಮೇಲೆ ನಾವು ಎಲ್ಲರ ನೋಂದಣಿನೂ ರದ್ದು ಮಾಡೋಕೆ ಹೊರಟಿದ್ವಿ. ‘ಸೋಲು ನನ್ನದು ಅಂತ ಬರೆದುಕೊಡ್ತೀನಿ, ಕೆಲಸನೂ ಬಿಡ್ತೀನಿ. ಆದರೆ ಸೇರಿದವರ ಪರೀಕ್ಷೆ ಹಕ್ಕು ಮುಟ್ಟಬೇಡಿ’ ಅಂತ ಅವನು ಹಟ ಹಿಡಿದು ಕೂತ. ಅದಕ್ಕೇ ಇವತ್ತು ಈ ಜನ ಪರೀಕ್ಷೆ ಬರೀತಾ ಇರೋದು.”

ಅವಳು ಪಕ್ಕದ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

‘ಅಯ್ಯೋ... ಎರಡು ವರ್ಷ ಯಾರನ್ನ ಹೇಡಿ ಅಂದೆ ನಾನು!’

ಅಧ್ಯಕ್ಷೆಯಿಂದ ವಿಳಾಸ ಪಡೆದು ಮರುದಿನವೇ ಹೊರಟಳು. ಪಕ್ಕದ ಊರಿನ ಬಸ್ ಡಿಪೋದಲ್ಲಿ ಅವನು ವೇಳಾಪಟ್ಟಿ ಮಾಡುವ ಕೆಲಸದಲ್ಲಿದ್ದ. ಡೀಸೆಲ್ ವಾಸನೆಯ ಪುಟ್ಟ ಕೋಣೆ. ಮೇಜಿನ ಮೇಲೆ ಬಗ್ಗಿ ಚಾಲಕನೊಬ್ಬನ ಅಹವಾಲು ಕೇಳುತ್ತಿದ್ದ. “ಮಗಳ ಶಾಲೆ ಬಿಡೋ ಹೊತ್ತಿಗೆ ಮನೇಲಿರಬೇಕು ಅಷ್ಟೇ ತಾನೇ? ಬೆಳಗಿನ ಬಸ್ಸಿಗೆ ಹಾಕ್ತೀನಿ,” ಎನ್ನುತ್ತಿದ್ದ. ಕೊಂಚ ಸೊರಗಿದ್ದ. ಕೂದಲು ಮಾತ್ರ ಅದೇ ಅವಾಂತರ.

ಚಾಲಕ ಹೋದ. ಅವನು ತಲೆಯೆತ್ತಿದ. ಪೆನ್ನು ಕೈಯಿಂದ ಜಾರಿತು.

“ಮೇಡಂ... ನೀವು?”

“ಯಾಕೆ ಒಂದು ಮಾತು ಹೇಳಲಿಲ್ಲ?” ಬಾಗಿಲಲ್ಲೇ ನಿಂತು ಕೇಳಿದಳು.

“ಏನು ಹೇಳಲಿ? ನೀವು ಹೇಳಿದ್ದು ನಿಜವೇ ಆಗಿತ್ತು. ಮುಚ್ಚಿ ಅಂದ್ರಿ...”

“ನಾನು ಅರ್ಧ ಹೇಳಿದ್ದೆ! ಉಳಿದರ್ಧ ಕೇಳೋ ವ್ಯವಧಾನ ಯಾರಿಗೂ ಇರಲಿಲ್ಲ. ನಿಮಗೂ ಇರಲಿಲ್ಲ!”

“ಉಳಿದರ್ಧ... ಏನಿತ್ತು?”

“ಆದರೆ ಇದನ್ನ ಸರಿಯಾಗಿ ನಡೆಸೋ ದಾರಿ ನನಗೆ ಗೊತ್ತಿದೆ, ಕ್ಯಾಪ್ಟನ್ ಜೊತೆಗಿದ್ರೆ ನಾನು ಮಾಡಿ ತೋರಿಸ್ತೀನಿ ಅಂತ ಹೇಳೋದಿತ್ತು.”

ಹೊರಗೆ ಬಸ್ಸೊಂದು ಗುಡುಗುತ್ತ ಹೊರಟಿತು. ಅವನ ಕಣ್ಣು ತುಂಬಿಬಂದಿತ್ತು.

“ನೀವು ನನ್ನ ಮೇಲಿನ ನಂಬಿಕೆ ಕಳ್ಕೊಂಡ್ರಿ ಅಂದ್ಕೊಂಡೆ. ಯೂನಿವರ್ಸಿಟಿ ಮುಚ್ಚಿದ್ದನ್ನ ಹೇಗೋ ತಡ್ಕೊಂಡೆ. ಇದನ್ನ ತಡೆಯೋಕೆ ಆಗಲಿಲ್ಲ ಮೇಡಂ.”

“ಅಷ್ಟಕ್ಕೆ ಊರು ಬಿಡ್ತಾರಾ? ಕೇಳಬಾರದಿತ್ತಾ?”

“ನೀವು ಕೇಳಿದ್ರಾ?”

ಇಲ್ಲ, ಅವಳೂ ಕೇಳಿರಲಿಲ್ಲ. ಯಾರೋ ಹೇಳಿದ್ದನ್ನು ನಂಬಿ ಎದೆಗೆ ಬೀಗ ಹಾಕಿಕೊಂಡಿದ್ದಳು.

“ಇಲ್ಲ,” ಎಂದಳು ಮೆಲ್ಲಗೆ. “ತಪ್ಪಾಯ್ತು.”

“ನನ್ನದೂ.”

ಇಬ್ಬರಿಗೂ ನಗು ಬಂತು. ಅಳುವೂ ಬಂತು. ಕಣ್ಣೊರೆಸಿಕೊಂಡು ಅವಳು ಬಂದ ಕೆಲಸ ಹೇಳಿದಳು. ಅವನು ತಲೆಯಾಡಿಸಿಬಿಟ್ಟ.

“ಬೇಡ ಮೇಡಂ. ನನ್ನ ಕೈಯಲ್ಲಿ ಒಂದ್ಸಲ ಮುಳುಗಿದ ಹಡಗು ಅದು.”

“ನಿಮ್ಮನ್ನ ಕ್ಯಾಪ್ಟನ್ ಆಗಿ ಬನ್ನಿ ಅಂದವರ್ಯಾರು? ಈ ಸಲ ಕ್ಯಾಪ್ಟನ್ ನಾನು. ಹುಟ್ಟು ಹಾಕೋಕೆ ಆಳು ಬೇಕು, ಬರ್ತೀರೋ ಇಲ್ವೋ?”

ಅವನು ಅವಳನ್ನು ನೋಡಿದ. ಬಿದ್ದಿದ್ದ ಪೆನ್ನನ್ನು ಎತ್ತಿ ಮೇಜಿನ ಮೇಲಿಟ್ಟ.

“ಯಾವತ್ತಿಂದ ಬರಲಿ?”

ಎರಡನೇ ಸಲ ವಿಶ್ವವಿದ್ಯಾಲಯ ಸದ್ದಿಲ್ಲದೆ ಶುರುವಾಯಿತು. ಕ್ಲಿನಿಕ್ಕಿನ ಎದುರಿನ ಕಟ್ಟಡದಲ್ಲಿ ಬಾಡಿಗೆಯ ಒಂದು ಅಂತಸ್ತು, ಹಳೆಯ ಮೇಜುಗಳು. ಮೇಷ್ಟ್ರುಗಳನ್ನು ಮೊದಲು ನೇಮಿಸಿ, ಆಮೇಲೆ ಪ್ರವೇಶ ತೆರೆದರು. ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಕೆಲವೊಮ್ಮೆ ಅದು ತಿರುಗುಮುರುಗಾಗುತ್ತಿತ್ತು. ಜಗಳವೂ ಆಗುತ್ತಿತ್ತು. ಆದರೆ ಈಗ ಯಾರೂ ಅರ್ಧ ಮಾತಿಗೆ ಎದ್ದು ಹೋಗುತ್ತಿರಲಿಲ್ಲ.

ಅವನ ಕಣ್ಣಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅವಳ ಕಣ್ಣಲ್ಲಿ ಏನಿದೆಯೆಂದು ಅಕ್ಕನಿಗೆ, ಭಾವನಿಗೆ, ಕೊನೆಗೆ ಲಾರಿಯವನಿಗೂ ಗೊತ್ತಿತ್ತು. ಅವನಿಗೊಬ್ಬನಿಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಧೈರ್ಯವಿರಲಿಲ್ಲವೋ!

ಪ್ರಾರಂಭದ ದಿನ ಮಧ್ಯಾಹ್ನ ಮೊದಲ ನೇರ ಪಾಠ. ಅಧ್ಯಕ್ಷೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವಳು ಬೋರ್ಡಿನ ಮುಂದೆ ನಿಂತು ಬಾಯಿ ತೆರೆದಳು...

ಪರದೆಗಳೆಲ್ಲ ಒಮ್ಮೆಗೇ ಕಪ್ಪಾದವು.

“ಸರ್ವರ್ ಬಿದ್ದುಹೋಯ್ತು!” ಯಾರೋ ಕೂಗಿದರು. ಅಧ್ಯಕ್ಷೆಯ ಹುಬ್ಬು ಮೇಲೇರಿತು. ಅವಳು ಕಪ್ಪು ಪರದೆಗಳನ್ನೇ ನೋಡಿದಳು. ಮತ್ತೆ ಮೊದಲಿನ ಹಾಗೆಯೇ ಆಗುತ್ತದೆಯೇ?

ಅವನು ಎದ್ದು ನಿಂತ. ಮುಖದಲ್ಲಿ ಗಾಬರಿಯ ಗೆರೆಯೂ ಇರಲಿಲ್ಲ.

“ಮೇಷ್ಟ್ರುಗಳೇ, ಫೋನ್ ತಗೊಳ್ಳಿ. ನಿಮ್ಮ ನಿಮ್ಮ ವಿದ್ಯಾರ್ಥಿಗಳನ್ನ ಕರೀರಿ. ಮೇಡಂ ಮಾತು ಎಲ್ಲರಿಗೂ ಕೇಳೋ ಹಾಗೆ ಫೋನುಗಳನ್ನ ಅವರ ಹತ್ತಿರ ಇಡಿ. ಸರ್ವರ್ ನಾನು ನೋಡ್ಕೋತೀನಿ. ಮೇಡಂ, ನೀವು ಪಾಠ ಶುರು ಮಾಡಿ!”

ಕ್ಷಣದಲ್ಲಿ ಕೋಣೆಯ ತುಂಬ ಕರೆಗಳ ಸದ್ದು. “ಹಲೋ, ನಾನು ನಿಮ್ಮ ಮೇಷ್ಟ್ರು...” ಮೇಜಿನ ಮೇಲೆ ಫೋನುಗಳ ಸಾಲು ಬೆಳೆಯಿತು. ಅವಳು ಗಂಟಲು ಸರಿಮಾಡಿಕೊಂಡಳು. ಬೋರ್ಡಿಲ್ಲದೆ, ಚಿತ್ರವಿಲ್ಲದೆ, ಬರೀ ಮಾತಿನಲ್ಲಿ ಲೆಕ್ಕವನ್ನು ಕಥೆಯಂತೆ ಹೇಳಿದಳು. ಫೋನುಗಳಿಂದ ಪ್ರಶ್ನೆಗಳು ಬಂದವು, ನಗು ಬಂತು, “ಅರ್ಥ ಆಯ್ತು ಮೇಡಂ!” ಎಂಬ ಕೂಗು ಬಂತು. ಪಾಠದ ಕೊನೆಗೆ ಪರದೆಗಳು ಹೊತ್ತಿಕೊಂಡಾಗ, ಅಲ್ಲಿ ಕಂಡ ಮುಖಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

ಅಧ್ಯಕ್ಷೆ ಎದ್ದು ಬಂದು ಅವಳ ಕೈ ಹಿಡಿದರು. “ಈ ಸಲ ಇದು ಮುಳುಗಲ್ಲ,” ಎಂದರು. ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ಸಂಜೆ ಎಲ್ಲರೂ ಹೋದರು. ಕಿಟಕಿಯಿಂದ ಇಳಿಬಿಸಿಲು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ಅವನು ವೈರುಗಳನ್ನು ಸುತ್ತಿಡುತ್ತಿದ್ದ. ಒಂದೇ ವೈರನ್ನು ಮೂರು ಸಲ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

“ಮೇಡಂ... ನನಗೆ ನಿಮ್ಮ ಜೊತೆ ಹೀಗೆ ಕೆಲಸ ಮಾಡೋಕೆ ಆಗ್ತಾ ಇಲ್ಲ.”

ಅವಳು ಗಕ್ಕನೆ ತಿರುಗಿದಳು. “ಯಾಕೆ? ನಾನೇನು ಮಾಡ್ದೆ?”

“ಸಂಜೆ ಆದ್ರೆ ನೀವು ಮನೆಗೆ ಹೋಗ್ತೀರಿ. ಆಮೇಲೆ ನಾನು ಏನು ಮಾಡಬೇಕು ಅಂತಾನೇ ಗೊತ್ತಾಗಲ್ಲ. ಬೆಳಗಾಗೋದನ್ನ ಕಾಯ್ತಾ ಕೂರ್ತೀನಿ...” ವೈರು ಕೈಯಿಂದ ಜಾರಿ ಬಿತ್ತು. “ನಿಮ್ಮನ್ನ ಪ್ರೀತಿಸ್ತೀನಿ. ಮೊದಲಿಂದಾನೂ. ಇದನ್ನೂ ಹೇಳದೆ ಕಳ್ಕೊಳ್ಳೋಕೆ ನಾನು ತಯಾರಿಲ್ಲ.”

ಅವಳು ತುಂಬ ಹೊತ್ತು ಕಾಯಿಸಲಿಲ್ಲ. ಹತ್ತಿರ ಬಂದು ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಇವತ್ತು ಮನೆಗೆ ಬನ್ನಿ. ಅಕ್ಕ ಊಟಕ್ಕೆ ಎರಡು ತಟ್ಟೆ ಜಾಸ್ತಿ ಇಡ್ತೀನಿ ಅಂದಿದ್ದಾಳೆ.”

“ಎರಡಾ? ನಾನೊಬ್ನೇ ಅಲ್ವಾ?”

“ಊರಲ್ಲಿರೋ ನಿಮ್ಮ ಅಮ್ಮನಿಗೂ ಫೋನ್ ಮಾಡಿ ಆಗಿದೆ. ಬಸ್ಸು ಹತ್ತಿದ್ದಾರಂತೆ.”

ಅವನು ಬೆರಗಾಗಿ ಅವಳನ್ನೇ ನೋಡಿದ. “ನಾನು ಕೇಳೋಕೆ ಮುಂಚೆನೇ?!”

“ನೀವು ಕೇಳೋವರೆಗೆ ಕಾದಿದ್ರೆ ನಮ್ಮ ವಿದ್ಯಾರ್ಥಿಗಳೆಲ್ಲ ಪದವಿ ಮುಗಿಸಿ ನಿವೃತ್ತರಾಗ್ತಿದ್ರು!”

ಅವನು ನಗುತ್ತ ಅವಳ ಹಣೆಗೆ ಹಣೆ ತಾಗಿಸಿದ. ಇಬ್ಬರ ಉಸಿರೂ ಒಂದಾಗುವಷ್ಟು ಹತ್ತಿರ.

“ಇನ್ನು ಈ ‘ನೀವು’, ‘ಬನ್ನಿ’ ಎಲ್ಲ ಬೇಡ. ಒಂದೇ ಒಂದು ಸಲ ‘ನೀನು’ ಅಂತ ಕರೀರಿ,” ಎಂದ ಪಿಸುದನಿಯಲ್ಲಿ.

ಅವಳ ಕೆನ್ನೆ ಕೆಂಪಾಯಿತು. ಕಣ್ಣು ತಗ್ಗಿತು.

“ಹೋಗಪ್ಪ... ನನಗೆ ನಾಚಿಕೆ. ಮೊದಲು ನೀನು ಕರಿ.”

ಅವನು ಅವಳ ಗಲ್ಲವನ್ನು ಮೆಲ್ಲಗೆ ಎತ್ತಿದ.

“ಕರೆದೇಬಿಟ್ಯಲ್ಲೇ!”